ಡೇಟಾಬೇಸ್ ಗುತ್ತಿಗೆ ಕೆಲಸದವರಿಗೆ ದೊಡ್ಡ ಸರ್ಟಿಫಿಕೇಟ್ ಬೇಕೇ?

ಈ ಪ್ರಶ್ನೆ ನನ್ನ ಹತ್ತಿರ ಬರುವುದು ಹೆಚ್ಚಾಗಿ ಒಂದೇ ಹೊತ್ತಿನಲ್ಲಿ. ಕೇಳುವವರ ಒಂದು ಕಾಂಟ್ರಾಕ್ಟ್ ಮುಗಿದಿರುತ್ತದೆ, ಮುಂದಿನದು ಇನ್ನೂ ಸಿಕ್ಕಿರುವುದಿಲ್ಲ. ಕೈತುಂಬ ಕೆಲಸ ಇರುವಾಗ ಇದನ್ನು ಯಾರೂ ಕೇಳುವುದಿಲ್ಲ. ಎರಡು ವಾರ ಫೋನ್ ಬರದೇ ಹೋದರೆ ಸಾಕು, 'ಒಂದು ದೊಡ್ಡ ಸರ್ಟಿಫಿಕೇಶನ್ ಮಾಡಿಬಿಡಲೇ?' ಎಂಬ ಯೋಚನೆ ಶುರುವಾಗುತ್ತದೆ. ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲಸ ಸಿಗುತ್ತಿಲ್ಲ ಎಂಬ ಚಿಂತೆಗೂ ಕಲಿಯಬೇಕು ಎಂಬ ಆಸೆಗೂ ಒಂದೇ ಮದ್ದು ಇರಬೇಕೆಂದೇನಿಲ್ಲ. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡು ಮಾತಾಡೋಣ.

ಮೊದಲ ಹಂತದ ಸರ್ಟಿಫಿಕೇಟುಗಳ ವಿಷಯ ಇವತ್ತು ಎತ್ತುವುದಿಲ್ಲ. ಹೊಸದಾಗಿ ಈ ಕಸುಬಿಗೆ ಬರುವವರು ಅದನ್ನು ಮಾಡಿಕೊಂಡರೆ ಒಳ್ಳೆಯದೇ, ಅದರಲ್ಲಿ ದೊಡ್ಡ ಚರ್ಚೆ ಏನೂ ಇಲ್ಲ. ನಾನು ಹೇಳುತ್ತಿರುವುದು ಮೇಲಿನ ಹಂತದವುಗಳ ಬಗ್ಗೆ. ಒರಾಕಲ್‌ನಲ್ಲಿ ಒಸಿಪಿ (ಒರಾಕಲ್ ಸರ್ಟಿಫೈಡ್ ಪ್ರೊಫೆಷನಲ್) ದಾಟಿದ ಮೇಲೆ ಬರುವ ಒಸಿಎಂ (ಒರಾಕಲ್ ಸರ್ಟಿಫೈಡ್ ಮಾಸ್ಟರ್), ಮೈಕ್ರೋಸಾಫ್ಟ್‌ನಲ್ಲಿ ಒಂದು ಕಾಲಕ್ಕೆ ಇದ್ದ ಎಂಸಿಎಂ (ಮೈಕ್ರೋಸಾಫ್ಟ್ ಸರ್ಟಿಫೈಡ್ ಮಾಸ್ಟರ್), ಕ್ಲೌಡ್ ಕಂಪನಿಗಳ ಸ್ಪೆಷಾಲಿಟಿ ಮತ್ತು ಪ್ರೊಫೆಷನಲ್ ಪರೀಕ್ಷೆಗಳು, ಹೀಗೆ ತಿಂಗಳುಗಟ್ಟಲೆ ಕೂತು ಓದಬೇಕಾದವು. ಮತ್ತೆ ಕೇಳುತ್ತಿರುವವರು ಸಂಬಳದವರಲ್ಲ. ಸಂಬಳದವರಿಗೆ ಕಂಪನಿ ಫೀಸು ಕಟ್ಟುತ್ತದೆ, ಓದಿಕೊಳ್ಳಲು ಒಂದಿಷ್ಟು ಬಿಡುವು ಕೊಡುತ್ತದೆ, ಪಾಸಾದರೆ ಅಪ್ರೈಸಲ್‌ನಲ್ಲಿ ಒಂದು ಸಾಲು ಸೇರುತ್ತದೆ. ನಮಗೆ ಫೀಸೂ ಕೈಯಿಂದಲೇ, ಓದುತ್ತ ಕೂತ ದಿನ ಬಿಲ್ ಆಗದ ನಷ್ಟವೂ ಕೈಯಿಂದಲೇ. ಹಾಗಾಗಿ ನಮ್ಮ ಲೆಕ್ಕ ಅವರ ಲೆಕ್ಕದಂತೆ ಇರುವುದಿಲ್ಲ.

ಮೊದಲು, ನಿಮ್ಮ ರೆಸ್ಯೂಮೆಯನ್ನು ಓದುವವರು ಯಾರು ಎಂದು ನೋಡೋಣ. ಸಾಮಾನ್ಯವಾಗಿ ಮೂರು ಜನ. ಮೊದಲನೆಯವರು ಏಜೆನ್ಸಿಯಲ್ಲಿ ಕೂತ ರಿಕ್ರೂಟರ್. ಅವರ ಕೈಯಲ್ಲಿ ಕ್ಲೈಂಟ್ ಕೊಟ್ಟ ಒಂದು ಪಟ್ಟಿ ಇರುತ್ತದೆ: ಒರಾಕಲ್, ಆರ್‌ಎಸಿ (ಹಲವು ಸರ್ವರುಗಳ ಮೇಲೆ ಓಡುವ ಒಂದೇ ಡೇಟಾಬೇಸ್), ಡೇಟಾ ಗಾರ್ಡ್ (ಬೇರೆ ಕಡೆ ಸಿದ್ಧವಾಗಿಡುವ ಡೇಟಾಬೇಸ್ ಪ್ರತಿ), ಇಷ್ಟು ವರ್ಷ ಅನುಭವ, 'ಸರ್ಟಿಫಿಕೇಶನ್ ಇದ್ದರೆ ಒಳ್ಳೆಯದು'. ಪಟ್ಟಿಯ ಪದಗಳು ರೆಸ್ಯೂಮೆಯಲ್ಲಿ ಇವೆಯೇ ಎಂದು ಅವರು ನೋಡುತ್ತಾರೆ, ಈಗೀಗ ಅವರ ಸಾಫ್ಟ್‌ವೇರೇ ನೋಡುತ್ತದೆ. ಎರಡನೆಯವರು ಕ್ಲೈಂಟ್ ಕಡೆಯ ತಾಂತ್ರಿಕ ವ್ಯಕ್ತಿ, ನಿಮ್ಮನ್ನು ಇಂಟರ್‌ವ್ಯೂ ಮಾಡುವವರು. ಮೂರನೆಯವರು ದುಡ್ಡಿಗೆ ಸಹಿ ಹಾಕುವವರು.

ಸರ್ಟಿಫಿಕೇಟ್ ಕೆಲಸ ಮಾಡುವುದು ಮೊದಲನೆಯವರ ಹತ್ತಿರ. ಅಲ್ಲೊಂದು ತಮಾಷೆ ಇದೆ. ಆ ಬಾಗಿಲಲ್ಲಿ ಒಸಿಪಿಗೂ ಒಸಿಎಂಗೂ ಅಂಥ ವ್ಯತ್ಯಾಸ ಇಲ್ಲ. ಒಸಿಎಂ ಎಷ್ಟು ಕಷ್ಟದ್ದು ಎಂದು ಗೊತ್ತಿರುವವರು ಡಿಬಿಎಗಳು (ಡೇಟಾಬೇಸ್ ನೋಡಿಕೊಳ್ಳುವವರು) ಮಾತ್ರ, ರಿಕ್ರೂಟರಿಗೆ ಎರಡೂ ಮೂರಕ್ಷರದ ಪದಗಳೇ. ಎಷ್ಟೋ ಸಲ ಪಟ್ಟಿಯಲ್ಲಿ 'ಒಸಿಪಿ' ಎಂದಿದ್ದು, ನಿಮ್ಮ ರೆಸ್ಯೂಮೆಯಲ್ಲಿ ಬರೀ 'ಒಸಿಎಂ' ಎಂದಿದ್ದರೆ ಸಾಫ್ಟ್‌ವೇರ್ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ಮೇಲಿನ ಹಂತದ್ದು ಪಡೆದಿದ್ದರೂ ಕೆಳಗಿನದನ್ನೂ ಬರೆಯಿರಿ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ.

ಎರಡನೆಯವರ ಹತ್ತಿರ ಏನಾಗುತ್ತದೆ? ಒಂದು ಉದಾಹರಣೆ ಕೊಡುತ್ತೇನೆ. ಒಳ್ಳೆಯ ಇಂಟರ್‌ವ್ಯೂ ಮಾಡುವವರು ಒಂದು ಎಕ್ಸಿಕ್ಯೂಶನ್ ಪ್ಲಾನ್, ಅಂದರೆ ಡೇಟಾ ಕೇಳುವ ಆದೇಶವನ್ನು (ಕ್ವೆರಿ) ಡೇಟಾಬೇಸ್ ಯಾವ ದಾರಿಯಲ್ಲಿ ಓಡಿಸುತ್ತದೆ ಎಂಬ ನಕ್ಷೆಯನ್ನು, ತೆರೆದು ಮುಂದಿಡುತ್ತಾರೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಂದುಕೊಳ್ಳಿ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಇಟ್ಟ ಪ್ರೋಗ್ರಾಂ) ಒಂದು, ಬೆಳಿಗ್ಗೆ ಚೆನ್ನಾಗಿ ಓಡುತ್ತದೆ, ತಿಂಗಳ ಕೊನೆಯಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತದೆ. ಪ್ಲಾನ್ ನೋಡಿದರೆ ಒಂದು ಕಡೆ ಅಂದಾಜು ಸಾಲುಗಳು 1, ನಿಜವಾಗಿ ಬಂದ ಸಾಲುಗಳು ನಾಲ್ಕು ಲಕ್ಷ. ಅದರ ಪಕ್ಕದಲ್ಲೇ ನೆಸ್ಟೆಡ್ ಲೂಪ್, ಪ್ರತಿ ಸಾಲಿಗೂ ಒಂದೊಂದು ಸಲ ಹುಡುಕುವ ವಿಧಾನ. ಅಂದರೆ ಒಂದೇ ಸಾಲು ಬರುತ್ತದೆ ಎಂದು ನಂಬಿ ಆಪ್ಟಿಮೈಸರ್ ಒಂದು ದಾರಿ ಹಿಡಿದಿದೆ, ಈಗ ಆ ದಾರಿಯಲ್ಲಿ ನಾಲ್ಕು ಲಕ್ಷ ಸಲ ಓಡಾಡುತ್ತಿದೆ. ಕೋಡ್ ತೆರೆದು ನೋಡಿದರೆ ಟೇಬಲ್ ವೇರಿಯಬಲ್, ಅಂದರೆ ಪ್ರೋಗ್ರಾಂ ಓಡುವಷ್ಟು ಹೊತ್ತು ಸಾಲುಗಳನ್ನು ಹಿಡಿದಿಡುವ ತಾತ್ಕಾಲಿಕ ಪಟ್ಟಿ. 2019ರ ಆವೃತ್ತಿಗೆ ಮುಂಚೆ ಟೇಬಲ್ ವೇರಿಯಬಲ್‌ನಲ್ಲಿ ಎಷ್ಟೇ ಸಾಲು ತುಂಬಿರಲಿ, ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯವಾಗಿ ಒಂದೇ ಸಾಲು ಎಂದು ಎಣಿಸುತ್ತಿತ್ತು.

ಪರೀಕ್ಷೆಯಲ್ಲಿ ಇದಕ್ಕೆ ಉತ್ತರ ಸುಲಭ: 2019ಕ್ಕೆ ಬನ್ನಿ, ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ಆವೃತ್ತಿಯಂತೆ ನಡೆಯಬೇಕು ಎಂಬ ಸೆಟ್ಟಿಂಗ್) 150 ಮಾಡಿ, ಟೇಬಲ್ ವೇರಿಯಬಲ್ ಕಂಪೈಲ್ ಆಗುವುದನ್ನು ಸರ್ವರೇ ಮುಂದೂಡಿ ಸರಿಯಾಗಿ ಎಣಿಸುತ್ತದೆ. ಸರಿಯಾದ ಉತ್ತರವೇ. ಆದರೆ ಇಂಟರ್‌ವ್ಯೂ ಮಾಡುವವರು ಇನ್ನೊಂದು ಪ್ರಶ್ನೆ ಹಾಕುತ್ತಾರೆ: 'ಸರ್ವರ್ 2016, ಅಪ್ಲಿಕೇಶನ್ ಕೊಟ್ಟ ಕಂಪನಿ ಅದಕ್ಕಿಂತ ಮೇಲಿನದಕ್ಕೆ ಸಪೋರ್ಟ್ ಕೊಡುವುದಿಲ್ಲ, ಕೋಡ್ ಮುಟ್ಟುವಂತೆಯೂ ಇಲ್ಲ. ಈಗೇನು ಮಾಡುತ್ತೀರಿ?' ಕೋಡ್ ಮುಟ್ಟಬಹುದಾಗಿದ್ದರೆ ಟೆಂಪ್ ಟೇಬಲ್ ಮಾಡಿ ಮುಗಿಸಬಹುದಿತ್ತು. ಮುಟ್ಟುವಂತಿಲ್ಲ ಎಂದರೆ ಪ್ಲಾನ್ ಗೈಡ್ (ಕೋಡ್ ಮುಟ್ಟದೆ ಹೊರಗಿನಿಂದ ಕೊಡುವ ಸೂಚನೆ) ಹಾಕಿ ರಿಕಂಪೈಲ್ ಮಾಡಿಸುವುದೇ, ಟ್ರೇಸ್ ಫ್ಲ್ಯಾಗ್ 2453 (ಸರ್ವರ್‌ನ ನಡತೆ ಬದಲಿಸುವ ಒಂದು ಸ್ವಿಚ್) ಪರೀಕ್ಷಿಸಿ ನೋಡುವುದೇ, ಅದರಿಂದ ಬೇರೆ ಕ್ವೆರಿಗಳ ಮೇಲೆ ಏನು ಪರಿಣಾಮ, ಯಾರ ಅನುಮತಿ ತಗೊಳ್ಳಬೇಕು, ಹಿಂದಕ್ಕೆ ಬರುವುದು ಹೇಗೆ? ಇಲ್ಲಿಂದ ಮಾತು ಶುರುವಾಯಿತೆಂದರೆ ಹತ್ತು ನಿಮಿಷದಲ್ಲಿ ಇಬ್ಬರಿಗೂ ಗೊತ್ತಾಗಿಬಿಡುತ್ತದೆ. ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಸಹಿ ಹಾಕುವವರು. ಅವರಿಗೆ ಬೇಕಾಗಿರುವುದು 'ಇವರು ಇದಕ್ಕೆ ಮುಂಚೆ ನಮ್ಮಂಥವರ ಹತ್ತಿರ ಕೆಲಸ ಮಾಡಿದ್ದಾರೆಯೇ, ಅವರು ಏನಂದರು?' ಎಂಬ ಒಂದು ಮಾತು. ಅಲ್ಲಿ ಸರ್ಟಿಫಿಕೇಟ್‌ಗಿಂತ ಒಂದು ಫೋನ್ ಕರೆ ದೊಡ್ಡದು. ಈ ಕಸುಬಿನಲ್ಲಿ ಕೆಲವು ವರ್ಷ ಕಳೆದ ಮೇಲೆ ನಿಮ್ಮ ದುಡಿಮೆಯ ಬಹುಪಾಲು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ಬರೆದು ನೋಡಿ. ಹಳೆಯ ಕ್ಲೈಂಟ್ ಮತ್ತೆ ಕರೆದದ್ದು, ಹಿಂದೆ ಜೊತೆಗಿದ್ದವರು ಬೇರೆ ಕಂಪನಿಗೆ ಹೋಗಿ ಅಲ್ಲಿಂದ ಕರೆದದ್ದು, ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದದ್ದು. ಇವರ್ಯಾರೂ ಸರ್ಟಿಫಿಕೇಟ್ ಕೇಳಿದವರಲ್ಲ. ನಿಮ್ಮನ್ನು ಅರಿಯದವರು ಕೇಳುವ ಪ್ರಶ್ನೆಗೆ ಸರ್ಟಿಫಿಕೇಟ್ ಉತ್ತರ. ನಮ್ಮ ಅನ್ನ ಬರುವುದು ನಮ್ಮನ್ನು ಅರಿತವರಿಂದ. ಇವತ್ತು ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ. ಉಳಿದದ್ದೆಲ್ಲ ಇದಕ್ಕೆ ಎಲ್ಲೆಲ್ಲಿ ಅಪವಾದ ಇದೆ ಎಂಬ ವಿವರ.

ಇಲ್ಲಿ ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗದ ಮಾರುಕಟ್ಟೆಯಲ್ಲಿ ಪದವಿ ಎಂಬುದು ಹೇಗೆ ಒಂದು ಸೂಚನೆಯಾಗಿ ಕೆಲಸ ಮಾಡುತ್ತದೆ ಎಂದು ವಿವರಿಸಿದರು. 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ಅವರ ಮಾತಿನ ಸಾರ ಇಷ್ಟು. ಕೆಲಸ ಕೊಡುವವರಿಗೆ ನಿಮ್ಮ ಸಾಮರ್ಥ್ಯ ಹೊರಗಿನಿಂದ ಕಾಣುವುದಿಲ್ಲ, ಆದ್ದರಿಂದ ಅವರು ಒಂದು ಗುರುತು ಹುಡುಕುತ್ತಾರೆ. ಆ ಗುರುತಿಗೆ ಬೆಲೆ ಬರಬೇಕಾದರೆ ಅದನ್ನು ಪಡೆಯುವುದು ಸಾಮರ್ಥ್ಯ ಇಲ್ಲದವರಿಗೆ ಇದ್ದವರಿಗಿಂತ ಕಷ್ಟವಾಗಬೇಕು. ಎಲ್ಲರಿಗೂ ಅಷ್ಟೇ ಸುಲಭವಾದರೆ ಗುರುತು ಸತ್ತಂತೆ.

ನಮ್ಮ ಕ್ಷೇತ್ರದಲ್ಲಿ ಗುರುತನ್ನು ಕೊಂದದ್ದು ಡಂಪುಗಳು. ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಕದ್ದ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ವಾರಾಂತ್ಯದಲ್ಲಿ ಬಾಯಿಪಾಠ ಮಾಡಿ ಸೋಮವಾರ ಪಾಸಾಗುವವರಿದ್ದಾರೆ. ಕಂಪನಿಗಳು ಸಿಕ್ಕಿಬಿದ್ದವರ ಸರ್ಟಿಫಿಕೇಟ್ ರದ್ದು ಮಾಡುತ್ತವೆ, ಆದರೂ ನಿಂತಿಲ್ಲ. ಹೀಗಾಗಿ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ ಎಷ್ಟೇ ಮೇಲಿನ ಹಂತದ್ದಾದರೂ ಅನುಭವಿಗಳ ಕಣ್ಣಲ್ಲಿ ಅದಕ್ಕೆ ಅಷ್ಟು ತೂಕ ಇಲ್ಲ. ಪ್ರಾಮಾಣಿಕವಾಗಿ ಓದಿದವರಿಗೆ ಇದು ಅನ್ಯಾಯ, ಏನು ಮಾಡುವುದು.

ಅದಕ್ಕೇ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆಗಳು ಬಂದವು. ಒರಾಕಲ್‌ನ ಒಸಿಎಂ 10ಜಿ, 11ಜಿ ಆವೃತ್ತಿಗಳ ಕಾಲದಲ್ಲಿ ಎರಡು ದಿನದ ಪರೀಕ್ಷೆ. ನಿಜವಾದ ಸರ್ವರುಗಳ ಮುಂದೆ ಕೂರಿಸಿ ಡೇಟಾಬೇಸ್ ಕಟ್ಟು, ಬ್ಯಾಕಪ್‌ನಿಂದ ಎತ್ತು, ಆರ್‌ಎಸಿ ಕಟ್ಟಿ ನಿಲ್ಲಿಸು, ಡೇಟಾ ಗಾರ್ಡ್ ಹೂಡಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸು ಎನ್ನುತ್ತಿದ್ದರು, ಎಲ್ಲಕ್ಕೂ ಗಡಿಯಾರ ಓಡುತ್ತಿರುತ್ತಿತ್ತು. ಒಂದು ಭಾಗದಲ್ಲಿ ಎಡವಿದರೆ ಮುಂದಿನ ಭಾಗಕ್ಕೂ ಅದರ ಪೆಟ್ಟು. ಡಂಪ್ ಬಾಯಿಪಾಠ ಮಾಡಿ ದಾಟುವಂಥದ್ದಲ್ಲ. ಸ್ಪೆನ್ಸ್ ಹೇಳಿದ ಲೆಕ್ಕದಲ್ಲಿ ಇದು ನಿಜವಾದ ಗುರುತು.

ಮೈಕ್ರೋಸಾಫ್ಟ್ ಕಡೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಪ್ರಶ್ನೆಯ ಎಲ್ಲ ಮುಖಗಳೂ ಅದರಲ್ಲಿವೆ. ಎಸ್‌ಕ್ಯೂಎಲ್ ಸರ್ವರ್ 2008ಕ್ಕೆ 'ಮೈಕ್ರೋಸಾಫ್ಟ್ ಸರ್ಟಿಫೈಡ್ ಮಾಸ್ಟರ್' ಎಂದು ಮಾಡಿದರು. ಶುರುವಿನಲ್ಲಿ ಅಮೆರಿಕದ ರೆಡ್ಮಂಡ್‌ಗೆ ಹೋಗಿ ಮೂರು ವಾರ ತರಗತಿಯಲ್ಲಿ ಕೂರಬೇಕಿತ್ತು, ಅದಕ್ಕೆ 18,500 ಡಾಲರ್. ಓಡಾಟ, ವಸತಿ ಬೇರೆ. ಮೂರು ವಾರದ ದುಡಿಮೆ ಹೋದದ್ದು ಇನ್ನೂ ಬೇರೆ. ಫ್ರೀಲ್ಯಾನ್ಸರುಗಳಿಗೆ ಅದು ಕೈಗೆ ಎಟುಕುವ ಮಾತಾಗಿರಲಿಲ್ಲ. 2010ರ ನವೆಂಬರ್‌ನಲ್ಲಿ ತರಗತಿ ಕಡ್ಡಾಯವಲ್ಲ ಎಂದರು. ಜ್ಞಾನ ಪರೀಕ್ಷೆಗೆ 500 ಡಾಲರ್, ಲ್ಯಾಬ್ ಪರೀಕ್ಷೆಗೆ 2,000 ಡಾಲರ್ ಕಟ್ಟಿದರೆ ಸಾಕು. ಆಗ ನಮ್ಮಂಥವರೂ ತಲೆ ಎತ್ತಿ ನೋಡಿದರು. ಎಷ್ಟೋ ಜನ ರಾತ್ರಿ ಕೂತು ಸ್ಟೋರೇಜ್ ಎಂಜಿನ್ ಒಳಗಿನ ಪೇಜುಗಳ (ಡಿಸ್ಕ್‌ನಲ್ಲಿ ಡೇಟಾ ಇಡುವ ತುಂಡುಗಳ) ರಚನೆಯಿಂದ ಹಿಡಿದು ಓದಿದರು. ಮೊದಲ ಪರೀಕ್ಷೆ ಮುಗಿಸಿ ಲ್ಯಾಬಿಗೆ ತಯಾರಾಗುತ್ತಿದ್ದವರಿದ್ದರು.

2013ರ ಆಗಸ್ಟ್ 30, ಶುಕ್ರವಾರ ತಡರಾತ್ರಿ. ಅಮೆರಿಕದಲ್ಲಿ ಕಾರ್ಮಿಕ ದಿನದ ದೀರ್ಘ ರಜೆ ಶುರುವಾಗುವ ಹೊತ್ತು. ಒಂದು ಇಮೇಲ್ ಬಂತು: ಮಾಸ್ಟರ್ ಕಾರ್ಯಕ್ರಮವನ್ನು ಅಕ್ಟೋಬರ್ 1ಕ್ಕೆ ನಿಲ್ಲಿಸುತ್ತಿದ್ದೇವೆ. ಗಲಾಟೆ ಎದ್ದ ಮೇಲೆ ಅರ್ಧದಲ್ಲಿದ್ದವರಿಗಾಗಿ ಡಿಸೆಂಬರ್ 31ರವರೆಗೆ ಮುಂದೂಡಿದರು, ಆದರೆ ನಿರ್ಧಾರ ಬದಲಾಗಲಿಲ್ಲ. ಮುಗಿಯಿತು.

ಯೋಚನೆ ಮಾಡಿ. ಆ ಜನರ ಜ್ಞಾನ ಶನಿವಾರ ಬೆಳಿಗ್ಗೆ ಕಡಿಮೆಯಾಗಿರಲಿಲ್ಲ. ಲ್ಯಾಬ್ ಪರೀಕ್ಷೆಗಾಗಿ ಕಲಿತದ್ದೆಲ್ಲ ಹಾಗೇ ಇತ್ತು, ಇವತ್ತಿಗೂ ಅವರನ್ನು ಕರೆಯುವವರು ಅದಕ್ಕಾಗಿಯೇ ಕರೆಯುತ್ತಾರೆ. ಆದರೆ ಅದನ್ನು ಹೊರಗೆ ತೋರಿಸುವ ಹೆಸರು ಅವರದಾಗಿರಲಿಲ್ಲ, ಕಂಪನಿಯದಾಗಿತ್ತು. ಕಂಪನಿಗೆ ಲಾಭ ಕಾಣಲಿಲ್ಲ, ಮುಚ್ಚಿತು. ಸರ್ಟಿಫಿಕೇಶನ್ ಎಂಬುದು ಮಾರುವವರ ದೃಷ್ಟಿಯಲ್ಲಿ ತಮ್ಮ ಉತ್ಪನ್ನಕ್ಕೆ ಜನ ಒದಗಿಸುವ ವ್ಯವಸ್ಥೆ. ಅವರಿಗೆ ಬೇಕಾಗಿರುವುದು ಸಾವಿರಾರು ಜನ, ಕೈಬೆರಳೆಣಿಕೆಯ ಪಂಡಿತರಲ್ಲ. ಆದ್ದರಿಂದ ಅತಿ ಮೇಲಿನ ಹಂತವೇ ಮೊದಲು ಸಾಯುವ ಅಪಾಯ ಹೆಚ್ಚು.

ಇದು ಒಂದು ಕಂಪನಿಯ ಚಾಳಿ ಎಂದುಕೊಳ್ಳಬೇಡಿ. ಅಮೆಜಾನ್‌ನ ಕ್ಲೌಡ್ ಕಂಪನಿ ಎಡಬ್ಲ್ಯುಎಸ್ 2020ರಲ್ಲಿ ಡೇಟಾಬೇಸ್ ಸ್ಪೆಷಾಲಿಟಿ ಸರ್ಟಿಫಿಕೇಟ್ ತಂದಿತು, 2024ರ ಏಪ್ರಿಲ್ ಕೊನೆಗೆ ಅದನ್ನು ನಿಲ್ಲಿಸಿತು. ನಾಲ್ಕು ವರ್ಷ. ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಎಂಬ ಸರ್ಟಿಫಿಕೇಟ್ 2021ರ ಜನವರಿ 31ಕ್ಕೆ ಮುಗಿಯಿತು. ಈಗ ಅಲ್ಲಿ ಡೇಟಾಬೇಸ್ ಆಡಳಿತಕ್ಕೆ ಇರುವುದು ಡಿಪಿ-300 ಎಂಬ ಪರೀಕ್ಷೆ, ಅದರ ಸರ್ಟಿಫಿಕೇಟ್‌ಗೆ ಒಂದೇ ವರ್ಷದ ಆಯುಷ್ಯ, ಆಮೇಲೆ ಆನ್‌ಲೈನ್‌ನಲ್ಲಿ ಪುಕ್ಕಟೆ ಪರೀಕ್ಷೆ ಬರೆದು ನವೀಕರಿಸಿಕೊಳ್ಳಬೇಕು. ಪುಕ್ಕಟೆ ಎಂಬುದು ಒಳ್ಳೆಯದೇ, ಆದರೆ ದಿನಾಂಕ ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮದು. ಒರಾಕಲ್ ಕಡೆ ಆವೃತ್ತಿಗೊಂದು ಸರ್ಟಿಫಿಕೇಟ್: 9ಐ, 10ಜಿ, 11ಜಿ, 12ಸಿ, 19ಸಿ. ಆವೃತ್ತಿ ಹಳತಾದಂತೆ ಸರ್ಟಿಫಿಕೇಟೂ ಹಳತಾಗುತ್ತ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪರೀಕ್ಷೆಯ ಫೀಸು ಎಷ್ಟು ಎಂದು ಎಲ್ಲರೂ ಹುಡುಕುತ್ತಾರೆ, ಅದು ಖರ್ಚಿನಲ್ಲಿ ಸಣ್ಣ ಪಾಲು. ದೊಡ್ಡ ಪಾಲು ನಿಮ್ಮ ಸಮಯ. ಮೇಲಿನ ಹಂತದ ಪರೀಕ್ಷೆಗೆ ನೀವು ಎಷ್ಟು ಕೆಲಸದ ದಿನ ಕೊಡುತ್ತೀರಿ ಎಂದು ಅಂದಾಜು ಮಾಡಿ, ನಿಮ್ಮ ದಿನದ ರೇಟಿನಿಂದ ಗುಣಿಸಿ. ಕಾಂಟ್ರಾಕ್ಟ್ ಇಲ್ಲದ ದಿನಗಳಾದರೆ ಗುಣಿಸಬೇಕಾಗಿಲ್ಲ ಎಂದು ಕೆಲವರು ವಾದಿಸುತ್ತಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೆಲಸ ಇಲ್ಲದ ದಿನಗಳಲ್ಲಿ ನಿಮಗೆ ಇನ್ನೊಂದು ಕೆಲಸ ಇರುತ್ತದೆ, ಮುಂದಿನ ಕಾಂಟ್ರಾಕ್ಟ್ ಹುಡುಕುವುದು. ಹಳೆಯ ಕ್ಲೈಂಟ್‌ಗಳಿಗೆ ಫೋನ್ ಮಾಡಲು ಸಂಕೋಚ, ಪರೀಕ್ಷೆಗೆ ಓದಲು ಸಂಕೋಚ ಇಲ್ಲ. ಹೀಗಾಗಿ ಓದು ಎಷ್ಟೋ ಸಲ ಆ ಫೋನ್ ಕರೆಗಳಿಂದ ತಪ್ಪಿಸಿಕೊಳ್ಳುವ ಗೌರವಯುತ ದಾರಿ ಆಗಿಬಿಡುತ್ತದೆ. ನಗುತ್ತಿದ್ದೀರಿ, ಅಂದರೆ ಗೊತ್ತಿದೆ ಎಂದಾಯಿತು.

ಆಮೇಲೆ ಗಳಿಕೆಯ ಕಡೆ. 'ಪಾಸಾದರೆ ರೇಟ್ ಹೆಚ್ಚುತ್ತದೆಯೇ?' ಎಂಬುದೇ ಪ್ರಶ್ನೆ. ಗುತ್ತಿಗೆ ಕೆಲಸದಲ್ಲಿ ರೇಟ್ ನಿಗದಿಯಾಗುವುದು ಕ್ಲೈಂಟ್‌ನ ತಲೆನೋವು ಎಷ್ಟು ಜೋರಾಗಿದೆ, ಅದನ್ನು ಇಳಿಸಬಲ್ಲವರು ಎಷ್ಟು ಜನ ಸಿಗುತ್ತಾರೆ ಎಂಬುದರ ಮೇಲೆ. ಸಪೋರ್ಟ್ ಮುಗಿದ ಹಳೆಯ ಆವೃತ್ತಿಯಿಂದ ಡೇಟಾ ಕಳೆದುಕೊಳ್ಳದೆ ಹೊಸದಕ್ಕೆ ಸಾಗಿಸಬಲ್ಲವರು ಬೇಕು ಎಂದಾಗ, ಎಸ್‌ಕ್ಯೂಎಲ್ ಸರ್ವರ್ 2008ರ ಸಪೋರ್ಟ್ 2019ರ ಜುಲೈ 9ಕ್ಕೆ ಮುಗಿಯುವ ಮುಂಚಿನ ತಿಂಗಳುಗಳಲ್ಲಿ ಆದಂತೆ, ಆ ಕೆಲಸ ಮಾಡಿದ ಅನುಭವಕ್ಕೇ ಬೇಡಿಕೆ. ಗಮನಿಸಿ, ಆ ಹೊತ್ತಿಗೆ ಹಳೆಯ ಆವೃತ್ತಿಯ ಪರೀಕ್ಷೆಯನ್ನು ಕಂಪನಿ ಯಾವತ್ತೋ ತೆಗೆದುಹಾಕಿರುತ್ತದೆ. ಪರೀಕ್ಷೆಗಳು ಹೊಸ ಫೀಚರುಗಳ ಸುತ್ತ ತಿರುಗುತ್ತವೆ, ಕ್ಲೈಂಟುಗಳ ಸಂಕಟ ಹಳೆಯ ಸರ್ವರುಗಳ ಸುತ್ತ.

ಹಾಗಾದರೆ ಓದು ವ್ಯರ್ಥವೇ? ಅಲ್ಲ. ಇಲ್ಲಿ ನಾನು ಸರ್ಟಿಫಿಕೇಟ್ ವಿರೋಧಿಗಳಿಂದ ಬೇರೆಯಾಗುತ್ತೇನೆ. ಗುತ್ತಿಗೆ ಕೆಲಸದ ಒಂದು ರೋಗ ಏನೆಂದರೆ, ಏನು ಬಲ್ಲಿರೋ ಅದಕ್ಕೇ ಮತ್ತೆ ಮತ್ತೆ ಕರೆಯುತ್ತಾರೆ. ಕ್ವೆರಿ ಟ್ಯೂನಿಂಗ್ ಚೆನ್ನಾಗಿ ಮಾಡುತ್ತೀರಿ ಎಂದು ಹೆಸರಾದರೆ ಐದು ವರ್ಷ ಅದನ್ನೇ ಮಾಡುತ್ತೀರಿ. ರಿಪ್ಲಿಕೇಶನ್ (ಒಂದು ಸರ್ವರ್‌ನ ಡೇಟಾವನ್ನು ಇನ್ನೊಂದಕ್ಕೆ ಸತತವಾಗಿ ನಕಲಿಸುವುದು) ಕೈಯಿಂದ ಮಾಡಿಯೇ ಇರುವುದಿಲ್ಲ, ಎನ್‌ಕ್ರಿಪ್ಶನ್ ಕೀ ಕಳೆದುಹೋದರೆ ಏನು ಮಾಡಬೇಕೆಂದು ಯೋಚಿಸಿಯೇ ಇರುವುದಿಲ್ಲ. ಸಂಬಳದ ಕೆಲಸದಲ್ಲಾದರೆ ಪಕ್ಕದ ಟೇಬಲ್‌ನವರು ರಜೆ ಹೋದಾಗ ಅವರ ಕೆಲಸ ನಿಮ್ಮ ತಲೆಗೆ ಬೀಳುತ್ತದೆ, ಹಾಗೆ ಕಲಿಯುತ್ತೀರಿ. ಒಂಟಿ ಕೆಲಸಗಾರರಿಗೆ ಆ ಭಾಗ್ಯ ಇಲ್ಲ. ದೊಡ್ಡ ಪರೀಕ್ಷೆಯ ಸಿಲಬಸ್ ನಿಮಗೆ ಇಷ್ಟವಿಲ್ಲದ ಮೂಲೆಗಳಿಗೂ ನಿಮ್ಮನ್ನು ಕರೆದೊಯ್ಯುತ್ತದೆ. ಕೆಟ್ಟುಹೋದ ಒಂದೇ ಪೇಜನ್ನು ಬ್ಯಾಕಪ್‌ನಿಂದ ಎತ್ತಿ ಕೂರಿಸುವುದು ಹೇಗೆ ಎಂದು ಜನ ಕಲಿಯುವುದು ಪರೀಕ್ಷೆಯ ದೆಸೆಯಿಂದಲೇ. ಅದರ ಅಗತ್ಯ ಬಂದ ರಾತ್ರಿ ಪುಸ್ತಕ ತೆರೆಯಲು ಪುರುಸೊತ್ತು ಇರುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಸಿಲಬಸ್ ಪುಕ್ಕಟೆ. ಎಲ್ಲ ಕಂಪನಿಗಳೂ ಅದನ್ನು ಬಹಿರಂಗವಾಗಿ ಹಾಕಿರುತ್ತವೆ. ಪರೀಕ್ಷೆಗೆ ಕೂರದೆಯೂ ಅದರಂತೆ ಲ್ಯಾಬ್ ಹೂಡಿ ಒಂದೊಂದನ್ನೇ ಮಾಡಿ ಮುಗಿಸಬಹುದು. ಸಮಸ್ಯೆ ಏನೆಂದರೆ, ಪರೀಕ್ಷೆಯ ದಿನಾಂಕ ಇಲ್ಲದಿದ್ದರೆ ನಮ್ಮಲ್ಲಿ ಬಹಳ ಜನ ಅರ್ಧಕ್ಕೇ ಬಿಡುತ್ತೇವೆ. ನೀವು ಆ ಜಾತಿಯವರಾದರೆ ಫೀಸು ಕಟ್ಟಿ. ಅದನ್ನು ದಂಡ ಎಂದುಕೊಂಡೇ ಕಟ್ಟಿ.

ಸಿಲಬಸ್ ಕಲಿಸದೇ ಇರುವುದೂ ಇದೆ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ಆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅವರೇ ಎಲ್ಲವನ್ನೂ ಬಹಿರಂಗವಾಗಿ ಬರೆದುಕೊಂಡದ್ದರಿಂದ ನಮಗೆ ಗೊತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ರಿಪ್ಲಿಕೇಶನ್ ಸರಿಮಾಡಲು ಹೊರಟ ಎಂಜಿನಿಯರ್ ಒಬ್ಬರು ಸೆಕೆಂಡರಿ (ನಕಲು ಸರ್ವರ್) ಎಂದುಕೊಂಡು ಪ್ರೈಮರಿಯ (ಮುಖ್ಯ ಸರ್ವರ್‌ನ) ಡೇಟಾ ಫೋಲ್ಡರ್ ಅಳಿಸಿದರು. ಸುಮಾರು 300 ಜಿಬಿಯಲ್ಲಿ ತಡೆಯುವಷ್ಟರಲ್ಲಿ ಉಳಿದದ್ದು 4.5 ಜಿಬಿ. ತಪ್ಪು ಯಾರಿಂದಲೂ ಆಗಬಹುದಾದದ್ದು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅಲ್ಲಿ ನಿಜವಾದ ಕಥೆ. ಬ್ಯಾಕಪ್ ತೆಗೆಯುವ 'ಪಿಜಿ ಡಂಪ್' ಪ್ರೋಗ್ರಾಂ 9.2 ಆವೃತ್ತಿಯದು, ಡೇಟಾಬೇಸ್ 9.6. ಹೊಂದದೆ ಪ್ರತಿದಿನ ವಿಫಲವಾಗುತ್ತಿತ್ತು, ಬ್ಯಾಕಪ್ ಇಡುವ ಜಾಗ ಖಾಲಿ. ವಿಫಲವಾಯಿತು ಎಂದು ಹೊರಡುತ್ತಿದ್ದ ಇಮೇಲುಗಳನ್ನು ಡಿಮಾರ್ಕ್ (ಇಮೇಲ್ ಅಸಲಿಯೇ ಎಂದು ಪರೀಕ್ಷಿಸುವ ವ್ಯವಸ್ಥೆ) ಸಹಿ ಇಲ್ಲವೆಂದು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಆರು ಗಂಟೆ ಮೊದಲು ಒಬ್ಬರು ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆ ಆರು ಗಂಟೆಯ ಡೇಟಾ ಹೋಯಿತು.

ಇಲ್ಲಿ ಬೇಕಿದ್ದ ಜ್ಞಾನ ಯಾವ ಹಂತದ್ದು? ಪಿಜಿ ಡಂಪ್ ಆವೃತ್ತಿ ಹೊಂದಬೇಕು ಎಂಬುದು ಮೊದಲ ಹಂತದ ಪರೀಕ್ಷೆಯ ವಿಷಯ. ಬೇಕಿದ್ದದ್ದು 'ಕಳೆದ ಸಲ ಈ ಬ್ಯಾಕಪ್‌ನಿಂದ ಯಾರು, ಯಾವಾಗ ರಿಸ್ಟೋರ್ ಮಾಡಿ ನೋಡಿದ್ದಾರೆ?' ಎಂದು ಕೇಳುವ ಒಬ್ಬ ಹೊರಗಿನವರು. ಗುತ್ತಿಗೆ ಡಿಬಿಎಯನ್ನು ಕರೆಸುವುದಕ್ಕೆ ಅರ್ಥ ಬರುವುದೇ ಇಂಥ ಪ್ರಶ್ನೆಯಲ್ಲಿ.

ಈಗ ಅಪವಾದಗಳು. ಮೇಲಿನ ಹಂತದ ಸರ್ಟಿಫಿಕೇಟ್ ನಿಜವಾಗಿ ದುಡ್ಡು ತರುವ ಜಾಗಗಳಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಪಾರ್ಟ್‌ನರ್ ಕಂಪನಿಗಳು. ದೊಡ್ಡ ಮಾರಾಟಗಾರರ ಪಾರ್ಟ್‌ನರ್ ಆಗಿ ಒಂದು ದರ್ಜೆ ಉಳಿಸಿಕೊಳ್ಳಬೇಕಾದರೆ ಆ ಸಲಹಾ ಕಂಪನಿಯಲ್ಲಿ ಇಂತಿಷ್ಟು ಜನ ಸರ್ಟಿಫಿಕೇಟ್ ಇರುವವರು ಇರಬೇಕು ಎಂಬ ನಿಯಮ ಇರುತ್ತದೆ. ಅವರಿಗೆ ತಲೆ ಎಣಿಕೆ ಬೇಕು. ನಿಮ್ಮ ಕೆಲಸ ಅಂಥ ಕಂಪನಿಗಳ ಮೂಲಕ ಬರುತ್ತಿದ್ದರೆ ಯಾವ ಸರ್ಟಿಫಿಕೇಟ್ ಆ ಎಣಿಕೆಗೆ ಬರುತ್ತದೆ ಎಂದು ನೇರವಾಗಿ ಕೇಳಿ, ಫೀಸು ಅವರೇ ಕೊಡುತ್ತಾರೆಯೇ ಎಂದೂ ಕೇಳಿ. ಕೇಳಿದರೆ ಕೊಡುವವರು ನೀವಂದುಕೊಂಡದ್ದಕ್ಕಿಂತ ಹೆಚ್ಚು.

ಸರ್ಕಾರಿ ಕೆಲಸಗಳದ್ದು ಇನ್ನೊಂದು ದಾರಿ. ಟೆಂಡರ್‌ನಲ್ಲಿ ಬರೆದಿದ್ದರೆ ಬರೆದಿದ್ದಂತೆ, ಅಲ್ಲಿ ವಾದ ನಡೆಯುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ವ್ಯವಸ್ಥೆಗಳಲ್ಲಿ ಅಡ್ಮಿನ್ ಅಧಿಕಾರದಿಂದ ಕೆಲಸ ಮಾಡುವವರಿಗೆ, ಗುತ್ತಿಗೆಯವರೂ ಸೇರಿ, ಮೊದಲು 8570, ಈಗ 8140 ಎಂಬ ನಿಯಮಾವಳಿ ಅನ್ವಯಿಸುತ್ತದೆ. ಅಲ್ಲಿ ಡಿಬಿಎಗಳು ಓಡಾಡಿದ್ದು ಸೆಕ್ಯುರಿಟಿ ಪ್ಲಸ್ ಎಂಬ ಭದ್ರತೆಯ ಸರ್ಟಿಫಿಕೇಟ್‌ಗಾಗಿ. ಡೇಟಾಬೇಸಿನ ಅತ್ಯುನ್ನತ ಸರ್ಟಿಫಿಕೇಟ್ ಇದ್ದೂ ಅದಿಲ್ಲದವರು ಹೊರಗೆ ನಿಲ್ಲಬೇಕು. ಎತ್ತರದ್ದಕ್ಕಿಂತ ಸರಿಯಾದದ್ದು ಬೇಕಾಗುವ ಜಾಗ ಅದು.

ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ದಾಟುವವರಿಗೂ ಉಪಯೋಗ ಇದೆ. ಇಪ್ಪತ್ತು ವರ್ಷ ಒರಾಕಲ್ ಮಾಡಿ ಈಗ ಕ್ಲೌಡ್ ಕೆಲಸ ಬೇಕೆನ್ನುವವರಿಗೆ ಹೊಸ ಕಡೆ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಆಗ ಒಂದು ಸರ್ಟಿಫಿಕೇಟ್ 'ಇವರು ಮನಸ್ಸು ಮಾಡಿದ್ದಾರೆ' ಎಂದಾದರೂ ಹೇಳುತ್ತದೆ. ಪೋಸ್ಟ್‌ಗ್ರೆಸ್‌ಗೆ ಹೋಗುವವರು ಒಂದು ಗಮನಿಸಿ, ಅದನ್ನು ಕಟ್ಟುವ ಸಮುದಾಯದವರೇ ಕೊಡುವ ಅಧಿಕೃತ ಸರ್ಟಿಫಿಕೇಟ್ ಇಲ್ಲ. ಇಡಿಬಿಯಂಥ ಕಂಪನಿಗಳು ಕೊಡುತ್ತವೆ, ಜಪಾನಿನಲ್ಲಿ ಎಲ್‌ಪಿಐ-ಜಪಾನ್ ನಡೆಸುವ ಪರೀಕ್ಷೆ ಇದೆ. ಆ ಸಮುದಾಯದಲ್ಲಿ ಜನರನ್ನು ಗುರುತಿಸುವುದು ಮೇಲಿಂಗ್ ಲಿಸ್ಟ್‌ನಲ್ಲಿ ಏನು ಉತ್ತರಿಸಿದಿರಿ, ಯಾವ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದಿರಿ ಎಂಬುದರಿಂದ. ತರಬೇತಿ ಕೊಡುವವರಿಗಂತೂ ಸರ್ಟಿಫಿಕೇಟ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಇವ್ಯಾವುದರಲ್ಲೂ ನೀವಿಲ್ಲ ಎನ್ನಿ. ಆಗ ಅಷ್ಟೇ ದಿನಗಳನ್ನು ಬೇರೆ ಯಾವುದಕ್ಕೆ ಕೊಡಬಹುದು? ನನ್ನ ಅನುಭವದಲ್ಲಿ ಒಂದು ಒಳ್ಳೆಯ ತಪಾಸಣಾ ವರದಿಯ ಮಾದರಿ ತಯಾರಿಸಿಟ್ಟುಕೊಂಡವರಿಗೆ ಕೆಲಸ ಬೇಗ ಸಿಗುತ್ತದೆ. ಕ್ಲೈಂಟ್‌ನ ಹೆಸರು, ಸರ್ವರ್ ಹೆಸರು, ಐಪಿ, ಟೇಬಲ್ ಹೆಸರು ಯಾವುದೂ ಇರಬಾರದು. ನಿಮ್ಮದೇ ಲ್ಯಾಬ್‌ನಲ್ಲಿ ಸಮಸ್ಯೆಗಳನ್ನು ಹುಟ್ಟಿಸಿ ಬರೆದರೆ ಇನ್ನೂ ಕ್ಷೇಮ. ಅದರಲ್ಲಿ ಏನಿರಬೇಕು? ಪೋಸ್ಟ್‌ಗ್ರೆಸ್ ಎಂದುಕೊಳ್ಳಿ. ಯಾವತ್ತೋ ಒಂದು ರಿಪ್ಲಿಕಾ ತೆಗೆದುಹಾಕಿದ್ದಾರೆ, ಅದರ ರಿಪ್ಲಿಕೇಶನ್ ಸ್ಲಾಟ್ (ಅದು ಎಲ್ಲಿಯವರೆಗೆ ನಕಲಿಸಿದೆ ಎಂಬ ಗುರುತು) ಮಾತ್ರ ಹಾಗೇ ಉಳಿದಿದೆ. ಬಾರದ ಆ ರಿಪ್ಲಿಕಾಗಾಗಿ ಸರ್ವರ್ ಡಬ್ಲ್ಯುಎಎಲ್ ಫೈಲುಗಳನ್ನು (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ) ಕಾದಿಟ್ಟುಕೊಳ್ಳುತ್ತಲೇ ಇದೆ, ಡಿಸ್ಕ್ ತುಂಬುತ್ತಿದೆ. ವರದಿಯಲ್ಲಿ ಹೀಗೆ ಬರೆಯಿರಿ: ಇದು ಎಲ್ಲಿ ಕಂಡಿತು, ಈಗಿನ ವೇಗದಲ್ಲಿ ಡಿಸ್ಕ್ ಯಾವ ದಿನ ತುಂಬುತ್ತದೆ, ತುಂಬಿದರೆ ವ್ಯವಹಾರಕ್ಕೆ ಏನಾಗುತ್ತದೆ, ಸ್ಲಾಟ್ ತೆಗೆಯುವ ಮುನ್ನ ಯಾರನ್ನು ಕೇಳಬೇಕು, ಮತ್ತೆ ಹೀಗಾಗದಂತೆ 13ನೇ ಆವೃತ್ತಿಯಿಂದ ಇರುವ, ಸ್ಲಾಟ್‌ಗಾಗಿ ಕಾದಿಡುವ ಫೈಲುಗಳ ಮಿತಿಯನ್ನು ಹೇಗೆ ಹಾಕಬೇಕು. ಸಹಿ ಹಾಕುವವರು 'ಡಿಸ್ಕ್ ಯಾವ ದಿನ ತುಂಬುತ್ತದೆ' ಎಂಬ ಸಾಲಿನ ಹತ್ತಿರ ನಿಲ್ಲುತ್ತಾರೆ. ಅಲ್ಲಿಂದ ಮಾತುಕತೆ ರೇಟಿನ ಕಡೆ ತಾನಾಗಿ ಹೋಗುತ್ತದೆ.

ಹಳೆಯ ಕ್ಲೈಂಟ್‌ಗಳಿಂದ ಎರಡು ಸಾಲು ಶಿಫಾರಸು ಬರೆಸಿಕೊಳ್ಳುವುದು ಇನ್ನೊಂದು. ಕೆಲಸ ಮುಗಿದ ವಾರದಲ್ಲೇ ಕೇಳಬೇಕು. ಆರು ತಿಂಗಳ ಮೇಲೆ ಕೇಳಿದರೆ ಆ ಮ್ಯಾನೇಜರೇ ಅಲ್ಲಿರುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: 'ಹದಿನೈದು ವರ್ಷದ ಅನುಭವ ಇದೆ, ಎಲ್ಲವೂ ಒಂದೇ ಸಂಸ್ಥೆಯ ಒಳಗಿನ ವ್ಯವಸ್ಥೆಗಳ ಮೇಲೆ, ಅದರ ಬಗ್ಗೆ ಹೊರಗೆ ಬಾಯಿ ಬಿಡುವಂತಿಲ್ಲ. ಈಗ ಸ್ವತಂತ್ರವಾಗಿ ಹೊರಟಿದ್ದೇನೆ. ನಾನು ಏನು ತೋರಿಸಲಿ?' ನೀವು ಹಳಬರಾದರೂ ಹೊರಗಿನವರ ಕಣ್ಣಿಗೆ ಹೊಸಬರು, ಮೊದಲ ಬಾಗಿಲಲ್ಲೇ ನಿಂತಿದ್ದೀರಿ. ಇಂಥವರಿಗೆ ನಾನು ಸರ್ಟಿಫಿಕೇಟ್ ಮಾಡಿ ಎನ್ನುತ್ತೇನೆ. ಆದರೆ ಅತ್ಯುನ್ನತವಾದದ್ದಲ್ಲ, ನೀವು ಬಯಸುವ ಕಾಂಟ್ರಾಕ್ಟುಗಳ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವುದು ಯಾವುದೋ ಅದು. ಒಂದು ತಿಂಗಳು ಜಾಹೀರಾತುಗಳನ್ನು ಕೂಡಿಟ್ಟು ಎಣಿಸಿ ನೋಡಿ. ಎಷ್ಟೋ ಸಲ ಯಾವುದೂ ಕಾಣುವುದಿಲ್ಲ, ಆಗ ಅದೇ ಉತ್ತರ.

ಇನ್ನೊಬ್ಬರು: 'ನನ್ನ ಸರ್ಟಿಫಿಕೇಟ್‌ನ ಅವಧಿ ಮುಗಿದಿದೆ, ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿದ್ದಾರೆ. ರೆಸ್ಯೂಮೆಯಿಂದ ತೆಗೆಯಲೇ?' ತೆಗೆಯಬೇಡಿ. ಪಾಸಾದ ವರ್ಷ, ಆವೃತ್ತಿ ಎರಡನ್ನೂ ಸ್ಪಷ್ಟವಾಗಿ ಹಾಕಿ ಎರಡನೆಯ ಪುಟದಲ್ಲಿ ಇಡಿ. ವರ್ಷ ಬಿಟ್ಟು ಬರೆದರೆ ಮುಚ್ಚಿಟ್ಟಂತೆ ಕಾಣುತ್ತದೆ, ಇಂಟರ್‌ವ್ಯೂನಲ್ಲಿ ಯಾರಾದರೂ ಕೆದಕಿದರೆ ಅದರ ವಿವರಣೆಯಲ್ಲೇ ಹತ್ತು ನಿಮಿಷ ಹೋಗುತ್ತದೆ. ಮೊದಲ ಪುಟದಲ್ಲಿ ಕಳೆದ ಮೂರು ಕಾಂಟ್ರಾಕ್ಟುಗಳು ಇರಲಿ, ಪ್ರತಿಯೊಂದಕ್ಕೂ ಮುಂಚೆ ಏನು ಕೆಟ್ಟಿತ್ತು, ನೀವು ಹೊರಡುವಾಗ ಹೇಗಿತ್ತು ಎಂಬ ಎರಡೆರಡು ಸಾಲು.